ಒಂದೇ ಸೇವ್, ಒಂದೇ ರೀಡಿಂಗ್

ಪ್ರಯೋಗಶಾಲೆಯಲ್ಲಿ ಹತ್ತು ರೀಡಿಂಗ್ ತೆಗೆದು, ಪಠ್ಯಪುಸ್ತಕದ ಬೆಲೆಗೆ ಹತ್ತಿರವಿರುವ ಒಂದನ್ನಷ್ಟೇ ರೆಕಾರ್ಡಿನಲ್ಲಿ ಬರೆದರೆ ಅದನ್ನು ನೀವು ಪ್ರಯೋಗವೆಂದು ಒಪ್ಪುವುದಿಲ್ಲ. ಕಥೆಯೊಳಗಿನ ಪಾತ್ರವಾಗಿ ಆಡುವ ರೋಲ್ ಪ್ಲೇಯಿಂಗ್ ವಿಡಿಯೊ ಆಟಗಳಲ್ಲಿ ಅನೇಕರು ಮಾಡುವುದು ಇದನ್ನೇ. ಆಟದ ಸ್ಥಿತಿಯನ್ನು ಸೇವ್ ಮಾಡಿಟ್ಟುಕೊಂಡು, ಫಲಿತಾಂಶ ಹಿಡಿಸದಿದ್ದರೆ ಹಿಂದಕ್ಕೆ ಮರಳುತ್ತಾರೆ. ಇದನ್ನು ತಡೆಯಲೆಂದೇ ಕೆಲವು ಆಟಗಳಲ್ಲಿ ಒಂದು ಕಠಿಣ ಕ್ರಮವಿದೆ: ಇಡೀ ಆಟಕ್ಕೆ ಒಂದೇ ಸೇವ್ ಕಡತ.

ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ‘ಬಾಲ್ಡರ್ಸ್ ಗೇಟ್ 3’ ಆಟವನ್ನು ಹೊರತಂದಿತು. ಅದೇ ವರ್ಷ ನವೆಂಬರ್ 30ರಂದು ಅದಕ್ಕೆ ‘ಆನರ್ ಮೋಡ್’ ಸೇರಿತು. ಇದರಲ್ಲಿ ತಂಡವೆಲ್ಲ ಸತ್ತರೆ ಮರಳುವ ದಾರಿಯಿಲ್ಲ. ಕಥೆ ಮುಂದುವರಿಸಬಹುದು, ಆದರೆ ಆನರ್ ಮೋಡ್ ಅಲ್ಲಿಗೆ ಮುಗಿಯುತ್ತದೆ. ಕೊನೆ ಮುಟ್ಟಿದವರಿಗೆ ಬಹುಮಾನ ಚಿನ್ನದ ಬಣ್ಣದ ದಾಳ.

ಈ ಆಟದಲ್ಲಿ ಬಹಳಷ್ಟನ್ನು ನಿರ್ಧರಿಸುವುದು ಇಪ್ಪತ್ತು ಮುಖಗಳ ದಾಳ. ಒಂದು ಬಾಗಿಲು ತೆರೆಯಲು 15 ಅಥವಾ ಹೆಚ್ಚು ಬೀಳಬೇಕು ಎನ್ನಿ. ಸಂಭವನೀಯತೆ 6/20, ಅಂದರೆ ಶೇಕಡ 30. ಹಿಂದಕ್ಕೆ ಮರಳಿ ಹತ್ತು ಸಲ ಎಸೆಯಲು ಬಿಟ್ಟರೆ, ಒಮ್ಮೆಯಾದರೂ ಗೆಲ್ಲುವ ಸಂಭವ ಶೇಕಡ 97. ದಾಳ ಹೆಸರಿಗಷ್ಟೇ ಉಳಿಯಿತು. ಒಂದೇ ಸೇವ್ ಎಂಬ ನಿಯಮ ಅದಕ್ಕೆ ಶೇಕಡ 30ರ ಬೆಲೆಯನ್ನು ಮರಳಿ ಕೊಡುತ್ತದೆ. ಇದು ಈ ಕ್ರಮದ ನಿಜವಾದ ಗುಣ.

ಇನ್ನೊಂದು ಲೆಕ್ಕವನ್ನೂ ಮಾಡಿ. ಪ್ರತಿ ಕಾದಾಟದಲ್ಲಿ ಬದುಕುಳಿಯುವ ಸಂಭವ ಶೇಕಡ 97 ಎಂದಿಟ್ಟುಕೊಳ್ಳಿ. 0.97ನ್ನು 30 ಸಲ ಗುಣಿಸಿದರೆ ಸುಮಾರು 0.40. ಚೆನ್ನಾಗಿ ಆಡಿದವರೂ ಮೂವತ್ತು ಕಾದಾಟಗಳನ್ನು ದಾಟುವುದು ನೂರಕ್ಕೆ ನಲವತ್ತು ಸಲ ಮಾತ್ರ. ಸಣ್ಣ ಅಪಾಯಗಳು ಕೂಡಿಕೊಂಡು ದೊಡ್ಡದಾಗುವ ಬಗೆಯನ್ನು ತರಗತಿಯಲ್ಲಿ ತೋರಿಸಲು ಇದೊಂದು ಒಳ್ಳೆಯ ಉದಾಹರಣೆ.

ಕೊರತೆ ಇರುವುದೂ ಇಲ್ಲಿಯೇ. 1980ರ ‘ರೋಗ್’ ಆಟದಲ್ಲಿಯೂ ಸಾವು ಅಂತಿಮವೇ. ಆದರೆ ಆ ಆಟ ಚಿಕ್ಕದು, ಪ್ರತಿ ಸಲವೂ ನೆಲಮಾಳಿಗೆಯ ನಕ್ಷೆ ಹೊಸದು. ಆಟಗಾರ ನೂರು ಸಲ ಸತ್ತು, ನೂರು ಪ್ರಯೋಗಗಳಿಂದ ಕಲಿಯುತ್ತಾನೆ. ‘ಬಾಲ್ಡರ್ಸ್ ಗೇಟ್ 3’ರಲ್ಲಿ ಒಂದು ಪ್ರಯೋಗಕ್ಕೇ ಹತ್ತಾರು ಗಂಟೆಗಳು ಬೇಕು, ಕಥೆಯ ಜಾಗಗಳೂ ಶತ್ರುಗಳೂ ಬಹುಮಟ್ಟಿಗೆ ಅವೇ. ಸೋತವನು ಮತ್ತೆ ಮೊದಲಿನಿಂದ ನಡೆಯಬೇಕಾದದ್ದು ನಡೆದ ದಾರಿಯಲ್ಲೇ. ದಂಡ ಇಷ್ಟು ಭಾರವಾದರೆ ಜಾಣ ಆಟಗಾರ ದಾಳ ಎಸೆಯುವ ಸಂದರ್ಭವನ್ನೇ ತಪ್ಪಿಸಿಕೊಳ್ಳುತ್ತಾನೆ, ಪರೀಕ್ಷಿಸಿ ನೋಡಿದ ಉಪಾಯಗಳನ್ನಷ್ಟೇ ಬಳಸುತ್ತಾನೆ. ದಾಳಕ್ಕೆ ಬೆಲೆ ತರಲು ಬಂದ ನಿಯಮ, ದಾಳವನ್ನು ದೂರವಿಡಲು ಕಲಿಸುತ್ತದೆ.

ಇಲ್ಲಿನ ಹಿಂದಿರುಗಲಾಗದ ಸ್ಥಿತಿ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮದಂಥದ್ದಲ್ಲ ಎಂಬುದನ್ನೂ ಮರೆಯಬೇಡಿ. ಕಂಪ್ಯೂಟರಿನಲ್ಲಿರುವುದು ಒಂದು ಕಡತ. ಅದನ್ನು ನಕಲು ಮಾಡಿಡಬಹುದು. ಮಾಡದಿರುವುದು ಆಟಗಾರನ ಪ್ರಾಮಾಣಿಕತೆಗೆ ಬಿಟ್ಟದ್ದು. ಆ ದೃಷ್ಟಿಯಿಂದ ‘ಆನರ್’ ಎಂಬ ಹೆಸರು ಸರಿಯಾಗಿದೆ.

ಹಾಗಾದರೆ ಈ ಕ್ರಮವನ್ನು ಆಡಬೇಕೆ? ಆಟವನ್ನು ಒಮ್ಮೆ ಸಾಧಾರಣ ಕ್ರಮದಲ್ಲಿ ಮುಗಿಸಿದವರು ಆಡಲಿ. ಮೊದಲ ಸಲ ಆಡುವವರಿಗೆ ಬೇಡ. ಉಪಕರಣದ ಪರಿಚಯವಿಲ್ಲದವರಿಗೆ ಒಂದೇ ರೀಡಿಂಗ್ ತೆಗೆಯಲು ಬಿಟ್ಟು ಅಂಕ ಕೊಡುವ ಪರೀಕ್ಷೆಯನ್ನು ಯಾವ ಶಿಕ್ಷಕರೂ ಒಪ್ಪಲಾರರು.