ಕಪಾಟಿನ ಕ್ಯಾಮೆರಾ, ಗುಜರಿಗೆ ಹೋದ ನೆಗೆಟಿವ್

ಹಳೆಯ ಕ್ಯಾಮೆರಾ ಕೂಡಿಡುವವರಲ್ಲೂ ಪಂಕ್ತಿಭೇದ ಉಂಟು. ಒಳಗಿನ ಪಂಕ್ತಿಯಲ್ಲಿ ಲೈಕಾ, ಅದರ ಪಕ್ಕದ ಮಣೆಯಲ್ಲಿ ರೋಲಿಫ್ಲೆಕ್ಸ್. ಆಗ್ಫಾ ಕ್ಲಿಕ್-3ಕ್ಕೆ ಹೊರಜಗಲಿಯಲ್ಲಿ ಎಲೆ. ಜರ್ಮನಿಯ ಗಾಜು, ಕಡಿಮೆ ಸೀರಿಯಲ್ ನಂಬರ್, ಗೀರು ಬೀಳದ ಮೈ: ಬೆಲೆ ಕಟ್ಟುವುದು ಇವುಗಳಿಂದಲೇ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಟ್ಟಿಗೆ ಈ ಲೆಕ್ಕ ತಲೆಕೆಳಗು ಎಂಬುದು ನನ್ನ ತಕರಾರು.

ಕ್ಲಿಕ್-3 ಬರೋಡಾದಲ್ಲಿ ತಯಾರಾಗುತ್ತಿದ್ದ ಡಬ್ಬ ಕ್ಯಾಮೆರಾ. ಮುಂದೆ ಸಾಧಾರಣ ಲೆನ್ಸು, ಷಟರಿಗೆ ಒಂದೇ ವೇಗ, ಬಿಸಿಲಿಗೂ ಮೋಡಕ್ಕೂ ಒಂದೊಂದು ಗುರುತು. 120 ಫಿಲ್ಮು ಹಾಕಿದರೆ ಹನ್ನೆರಡು ಚೌಕ ಚಿತ್ರ. ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕಿ ನೋಡಿಕೊಂಡು ಗುಂಡಿ ತಿರುಗಿಸಬೇಕು. ಮರೆತರೆ ಮದುಮಗಳ ಮೇಲೆ ಎಮ್ಮೆ ಕೂತಿರುತ್ತದೆ. ಕೊಳ್ಳುವವರಿಗೆ ಇದು ಆಟಿಕೆ. ಆದರೆ ನಮ್ಮ ಹಳೆಯ ಮನೆ-ಆಲ್ಬಂಗಳನ್ನು ಓದುವ ಕೀಲಿ ಇಂಥ ಡಬ್ಬದೊಳಗೇ ಇದೆ.

ಮಲೆನಾಡು ಎಂದರೆ ಮಳೆ ಎನ್ನುತ್ತೇವೆ. ಆಲ್ಬಂ ತೆರೆದರೆ ಮಳೆಯೇ ಕಾಣುವುದಿಲ್ಲ! ಎಲ್ಲರೂ ಅಂಗಳದ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತವರೇ. ನಡುಮನೆ, ಅಡುಗೆಮನೆ, ಬಚ್ಚಲೊಲೆ, ಆಷಾಢದ ಜಗಲಿ ಯಾವುದೂ ಇಲ್ಲ. ಮದುವೆಯಲ್ಲೂ ಚಪ್ಪರದ ನೆರಳಿನಿಂದ ಮದುಮಕ್ಕಳನ್ನು ಹೊರಗೆಳೆದು ನಿಲ್ಲಿಸಿರುತ್ತಾರೆ. ಇದು ರುಚಿಯ ಪ್ರಶ್ನೆಯಲ್ಲ. ಎಫ್ 8.8ರ ಸುಮಾರಿನ ಲೆನ್ಸು, ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ತೆರೆಯುವ ಷಟರು, ನಿಧಾನದ ಫಿಲ್ಮು. ಈ ಮೂರೂ ಸೇರಿದಾಗ ಮಾಡಿನ ಕೆಳಗಿನ ಕತ್ತಲೆ ಫಿಲ್ಮಿಗೆ ಇಳಿಯುವುದೇ ಇಲ್ಲ. ಹೆಂಗಸರು ದಿನದ ಬಹುಪಾಲು ಕಳೆದ ಜಾಗಗಳು ಆಲ್ಬಮ್ಮಿನಿಂದ ಬಿಟ್ಟುಹೋದದ್ದರ ಹಿಂದೆ ಈ ಲೆನ್ಸಿನ ಪಾಲೂ ಇದೆ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನೋಡದೆ ಇದು ಹೊಳೆಯುವುದು ಕಷ್ಟ. ಸಂಗ್ರಹಕ್ಕೆ ಅರ್ಥ ಬರುವುದು ಇಲ್ಲಿ.

ಸ್ಟುಡಿಯೊಗಳ ಮರದ ಕ್ಯಾಮೆರಾದ ಕಥೆಯೂ ಹೀಗೆಯೇ. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ 1940ರ ದಶಕದಲ್ಲಿ ಶುರುಮಾಡಿದ ವಾಗೀಶ್ವರಿ ಫೀಲ್ಡ್ ಕ್ಯಾಮೆರಾ ದೇಶದ ಎಷ್ಟೋ ಸ್ಟುಡಿಯೊಗಳಲ್ಲಿ ನಿಂತಿತ್ತು. ಅವರ ಮನೆತನದ ಕಸುಬು ವಾದ್ಯಗಳ ದುರಸ್ತಿ. ಹಾರ್ಮೋನಿಯಂ ತಿದಿ ಕಟ್ಟಿ ಪಳಗಿದ ಕೈ ಕ್ಯಾಮೆರಾದ ತಿದಿಯನ್ನೂ ಕಟ್ಟಿತು. ಇಂಥ ಕ್ಯಾಮೆರಾ ಸಿಕ್ಕಿದೊಡನೆ ಮರಳುಕಾಗದ ಹಾಕಿ ಉಜ್ಜಿ, ಫ್ರೆಂಚ್ ಪಾಲಿಶ್ ಬಳಿದು ಹೋಟೆಲ್ ಲಾಬಿಯಲ್ಲಿ ನಿಲ್ಲಿಸುವವರಿದ್ದಾರೆ. ತಿದಿಗೆ ಹಚ್ಚಿದ ತೇಪೆ, ಬೆರಳು ತಾಗಿ ಸವೆದ ಹಿತ್ತಾಳೆ, ಮೈಮೇಲೆ ಬರೆದ ಸ್ಟುಡಿಯೊ ಹೆಸರು ಎಲ್ಲ ಆ ಪಾಲಿಶಿನಲ್ಲಿ ಹೋಗಿಬಿಡುತ್ತವೆ. ಇದನ್ನು ರಕ್ಷಣೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಬೂಷ್ಟು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಅದರೊಡನೆ ಪೈಪೋಟಿಗೆ ನಿಲ್ಲುವ ಹುಲಿಕಲ್ ಹೊಸನಗರದ್ದು. ಇಲ್ಲಿ ಲೆನ್ಸನ್ನು ಟಾರ್ಚಿಗೆ ಹಿಡಿದು ನೋಡಿದರೆ ಅಂಚಿನಿಂದ ಒಳಕ್ಕೆ ಜೇಡರ ಬಲೆಯಂಥ ಎಳೆಗಳು ಹಬ್ಬಿರುವುದು ಸಾಮಾನ್ಯ. ಎಳೆಯದಿದ್ದಾಗ ಬಿಚ್ಚಿ ಒರೆಸಬಹುದು. ಬಲಿತರೆ ಅದರ ಆಮ್ಲ ಗಾಜಿನ ಲೇಪವನ್ನೇ ತಿಂದಿರುತ್ತದೆ, ಯಾವ ಮೆಕ್ಯಾನಿಕ್ಕಿಗೂ ಅದು ಬಗ್ಗದು. ಆದರೂ ಮೂಲ ಚರ್ಮದ ಕವಚವಿದ್ದರೆ ಬೆಲೆ ಹೆಚ್ಚು ಎಂದು ಕ್ಯಾಮೆರಾವನ್ನು ಅದರಲ್ಲೇ ಮುಚ್ಚಿಡುತ್ತಾರೆ. ತೇವ ಹೀರಿದ ಚರ್ಮಕ್ಕಿಂತ ಒಳ್ಳೆಯ ತವರು ಬೂಷ್ಟಿಗೆ ಬೇಕೆ? ಕವಚ ಬೇರೆ, ಕ್ಯಾಮೆರಾ ಬೇರೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್, ಬಿಸಿಲು ಬಿದ್ದ ದಿನ ಹೊರಗೆ ತೆಗೆದು ನಾಲ್ಕು ಸಲ ಷಟರ್ ಒತ್ತುವುದು. ಅಷ್ಟು ಮಾಡಿದವರ ಸಂಗ್ರಹ ಉಳಿದೀತು.

ಗುರುಗ್ರಾಮದ ಮ್ಯೂಸಿಯೊ ಕ್ಯಾಮೆರಾ 2019ರಲ್ಲಿ ತೆರೆಯಿತು. ಅದನ್ನು ಕಟ್ಟಿದ ಆದಿತ್ಯ ಆರ್ಯ ಅದಕ್ಕೂ ಮೊದಲು ಛಾಯಾಗ್ರಾಹಕ ಕುಲವಂತ್ ರಾಯ್ ಬಿಟ್ಟುಹೋದ ನೆಗೆಟಿವ್ ಪೆಟ್ಟಿಗೆಗಳನ್ನು ಬಿಚ್ಚಿ, ವಿಂಗಡಿಸಿ, ಸ್ಕ್ಯಾನ್ ಮಾಡಿದವರು. ಯಂತ್ರದ ಜೊತೆ ಅದು ಕಂಡದ್ದನ್ನೂ ಕಾಯುವ ಈ ಕ್ರಮ ನಮ್ಮಲ್ಲಿ ಕಡಿಮೆ. ಊರಿನ ಸ್ಟುಡಿಯೊ ಮುಚ್ಚಿದಾಗ ಕ್ಯಾಮೆರಾಕ್ಕೆ ಗಿರಾಕಿ ಬರುತ್ತಾನೆ, ನೆಗೆಟಿವ್ ಡಬ್ಬ ಗುಜರಿಗೆ ಹೋಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಊರೂರೇ ಶರಾವತಿಯಲ್ಲಿ ಮುಳುಗಿದವು. ಆ ಮನೆಗಳ ಕಂಬ, ಆ ತೋಟಗಳ ದಾರಿ ಇನ್ನು ನೋಡಸಿಗುವುದಿದ್ದರೆ ಇಂಥ ಡಬ್ಬಗಳಲ್ಲೇ.

ಹಾಗಾಗಿ ಕ್ಯಾಮೆರಾ ಕೊಳ್ಳಲು ಹೋದವರು ಲೆನ್ಸಿಗೆ ಟಾರ್ಚು ಬಿಡುವ ಮೊದಲು ಅದು ಯಾರದು, ಎಲ್ಲಿ ಬಳಸಿದ್ದು, ಅದರ ನೆಗೆಟಿವ್ ಎಲ್ಲಿ ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದು ಅಂಟಿಸಲಿ. ಕ್ಲಿಕ್-3ಕ್ಕೆ ಇನ್ನೂ ಹೇಳಿಕೊಳ್ಳುವಂಥ ಬೆಲೆ ಬಂದಿಲ್ಲ, ಅದೇ ಸದ್ಯದ ಅನುಕೂಲ. ಬೆಲೆ ಬಂತೆಂದರೆ ಕ್ಯಾಮೆರಾ ಬೆಂಗಳೂರಿಗೆ, ಆಲ್ಬಂ ಗುಜರಿಗೆ.