ಕವಚದ ಬೆಲೆ: ಡಿ ಅಂಡ್ ಡಿ ರಸಿಕರಿಗೊಂದು ಕೈಪಿಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಮೊದಲ ಸಲ ನೋಡಲು ಕೂತವರ ಕಣ್ಣು ಬಣ್ಣದ ದಾಳಗಳ ಮೇಲೋ, ಪುಟಾಣಿ ಗೊಂಬೆಗಳ ಮೇಲೋ, ಗಳಿಗೆಗೊಂದು ದನಿ ತೆಗೆದು ಕಥೆ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ಮೇಲೋ ಹೋಗುತ್ತದೆ. ‘ಸ್ಟ್ರೇಂಜರ್ ಥಿಂಗ್ಸ್’ ನೋಡಿ ಬಂದವರಿಗಂತೂ ರಾಕ್ಷಸ ಯಾವಾಗ ಬರುತ್ತಾನೆ ಅನ್ನುವುದೊಂದೇ ಕುತೂಹಲ. ಬರುತ್ತಾನೆ, ಬಿಡಿ. ಅಷ್ಟರೊಳಗೆ ಪಕ್ಕದಲ್ಲಿ ಕೂತವರ ಕ್ಯಾರೆಕ್ಟರ್ ಶೀಟನ್ನು ಒಮ್ಮೆ ಇಣುಕಿ ನೋಡಿ. ಗುರಾಣಿಯ ಆಕಾರದ ಒಂದು ಮನೆಯಲ್ಲಿ 14 ಅಂತಲೋ 18 ಅಂತಲೋ ಬರೆದಿರುತ್ತದೆ. ಅದು ಆರ್ಮರ್ ಕ್ಲಾಸ್. ಆಡುವವರ ಬಾಯಲ್ಲಿ ಎಸಿ. ಈ ಅಂಕಿ ಎಲ್ಲಿಂದ ಬಂತು, ಇದಕ್ಕಾಗಿ ಏನೇನು ಬಿಟ್ಟುಕೊಟ್ಟಿರಿ ಎಂದು ಕೇಳಿ. ಆಟದ ರುಚಿ ಹತ್ತುವುದು ಅಲ್ಲಿಂದ.

ಲೆಕ್ಕ ಸರಳ. ಹೊಡೆಯುವವನು ಇಪ್ಪತ್ತು ಮುಖದ ದಾಳ ಉರುಳಿಸಿ ತನ್ನ ಬೋನಸ್ ಕೂಡಿಸುತ್ತಾನೆ. ಮೊತ್ತ ಎದುರಾಳಿಯ ಎಸಿಯಷ್ಟಾದರೆ ಅಥವಾ ಅದನ್ನು ದಾಟಿದರೆ ಏಟು ಬಿತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಈ ಆಟ ಹೊರತಂದಾಗ ಲೆಕ್ಕ ತಲೆಕೆಳಗಾಗಿತ್ತು: ಬರಿಮೈಯವನ ಎಸಿ 9, ಪ್ಲೇಟ್ ಕವಚ ತೊಟ್ಟು ಗುರಾಣಿ ಹಿಡಿದವನದು 2. ಕಡಿಮೆ ಇದ್ದಷ್ಟೂ ಒಳ್ಳೆಯದು. 2000ದ ಮೂರನೇ ಆವೃತ್ತಿಯಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದರು. ಇಲ್ಲಿ ಹೇಳುವುದೆಲ್ಲ 2014ರ ಐದನೇ ಆವೃತ್ತಿಯ ಮಾತು. ಈಗ ಹೊಸದಾಗಿ ಆಡಲು ಕೂರುವವರಿಗೆ ಸಿಗುವುದು ಬಹುಮಟ್ಟಿಗೆ ಅದು, ಇಲ್ಲವೇ ಅದರ 2024ರ ಪರಿಷ್ಕರಣೆ. ಕವಚದ ಅಂಕಿಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ಕವಚದಲ್ಲಿ ಮೂರು ಜಾತಿ. ಹಗುರ ಕವಚಕ್ಕೆ ನಿಮ್ಮ ಡೆಕ್ಸ್‌ಟೆರಿಟಿ, ಅಂದರೆ ಮೈಯ ಚುರುಕು, ಪೂರ್ತಿ ಸೇರುತ್ತದೆ: ಲೆದರ್‌ಗೆ 11, ಸ್ಟಡೆಡ್ ಲೆದರ್‌ಗೆ 12, ಅದರ ಮೇಲೆ ನಿಮ್ಮ ಡೆಕ್ಸ್. ಮಧ್ಯಮದಲ್ಲಿ ಡೆಕ್ಸ್ ಎಷ್ಟೇ ಇರಲಿ, ಎರಡಕ್ಕಿಂತ ಹೆಚ್ಚು ಸೇರುವಂತಿಲ್ಲ. ಬ್ರೆಸ್ಟ್‌ಪ್ಲೇಟ್ 14, ಹಾಫ್ ಪ್ಲೇಟ್ 15. ಭಾರಿ ಕವಚಕ್ಕೆ ಡೆಕ್ಸ್ ಲೆಕ್ಕಕ್ಕೇ ಇಲ್ಲ. ಚೈನ್ ಮೇಲ್ ಅಂದರೆ 16, ಪ್ಲೇಟ್ ಅಂದರೆ 18, ತೊಟ್ಟವನು ಗರಡಿಯಾಳಾಗಲಿ ಗುಜ್ಜಾರಿಯಾಗಲಿ. ಗುರಾಣಿ ಹಿಡಿದರೆ ಯಾವುದಕ್ಕಾದರೂ ಇನ್ನೆರಡು.

ಈಗ ತುತ್ತತುದಿಯ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ. ಡೆಕ್ಸ್ ಬೋನಸ್ಸು ಐದಕ್ಕೆ ಮುಟ್ಟಿದ ರೋಗ್, ಅಂದರೆ ಕಳ್ಳಹೆಜ್ಜೆಯ ಪಾತ್ರ, ಸ್ಟಡೆಡ್ ಲೆದರ್‌ನಲ್ಲಿ 17. ಉಕ್ಕಿನ ಪೆಟ್ಟಿಗೆಯೊಳಗೆ ಹೊಕ್ಕ ಫೈಟರ್ 18. ಹೊಸಬರು ಇಲ್ಲಿ ತಪ್ಪದೆ ಕೇಳುತ್ತಾರೆ: ಇಷ್ಟೆಲ್ಲ ಮಾಡಿ ಒಂದೇ ಒಂದು ಅಂಕಿಯೇ? ಒಂದು 45 ಚಿನ್ನದ ನಾಣ್ಯದ ಚರ್ಮ, ಇನ್ನೊಂದು 1500 ನಾಣ್ಯದ ಉಕ್ಕು. ಸಾಧಾರಣ ಜೀವನಕ್ಕೆ ದಿನಕ್ಕೊಂದು ನಾಣ್ಯ ಸಾಕು ಎನ್ನುತ್ತದೆ ಆಟದ ನಿಯಮಪುಸ್ತಕ. ಅಂದಮೇಲೆ ಪ್ಲೇಟ್ ಎಂದರೆ ನಾಲ್ಕು ವರ್ಷದ ಊಟ-ವಸತಿ.

ಪ್ರಶ್ನೆ ನ್ಯಾಯವಾದದ್ದೇ. ಉತ್ತರದ ಒಂದು ಪಾಲು ಗಣಿತದಲ್ಲಿದೆ. ಎಸಿಯ ಒಂದೊಂದು ಅಂಕಿಯೂ ದಾಳದ ಒಂದೊಂದು ಮುಖ, ಅಂದರೆ ನೂರಕ್ಕೆ ಐದು. ಆದರೆ ಮೇಲಕ್ಕೆ ಹೋದಂತೆ ಆ ಐದರ ತೂಕ ಬದಲಾಗುತ್ತದೆ. ಬೋನಸ್ 4 ಇರುವ ಗಾಬ್ಲಿನ್ ಎದುರಿಗಿದೆ ಅನ್ನಿ. ನಿಮ್ಮ ಎಸಿ 11 ಇದ್ದರೆ ಅದರ ನೂರು ಬಾಣದಲ್ಲಿ 70 ನೆಡುತ್ತವೆ. ಗುರಾಣಿ ಎತ್ತಿ 13 ಮಾಡಿಕೊಂಡರೆ 60. ಬೀಳುತ್ತಿದ್ದ ಏಟಿನಲ್ಲಿ ಏಳಕ್ಕೊಂದು ತಪ್ಪಿತು. ಪ್ಲೇಟಿನ 18ಕ್ಕೆ ನೆಡುವುದು 35. ಅದೇ ಗುರಾಣಿಯಿಂದ 20 ಆದರೆ 25. ಇಲ್ಲಿ ಏಳಕ್ಕೆ ಎರಡು ತಪ್ಪಿತು. ಗುರಾಣಿ ಒಂದೇ, ಉಪಕಾರ ಎರಡರಷ್ಟು. ಭಾರಿ ಕವಚದವರು ಒಂದೊಂದು ಅಂಕಿಗೂ ಜಿಪುಣರ ಹಾಗೆ ಜೀವ ಬಿಡುವುದು ಸುಮ್ಮನೆ ಅಲ್ಲ. ಆದರೆ ಎದುರಿಗೆ ಪ್ರಾಯಕ್ಕೆ ಬಂದ ಕೆಂಪು ಡ್ರ್ಯಾಗನ್ ಇದ್ದರೆ ಅದರ ಬೋನಸ್ 14. ಎಸಿ 17ಕ್ಕೆ ನೂರಕ್ಕೆ 90, 18ಕ್ಕೆ 85. ಅಷ್ಟು ದೊಡ್ಡ ಬಾಯಿಯ ಮುಂದೆ ಚರ್ಮವೂ ಉಕ್ಕೂ ಹೆಚ್ಚುಕಡಿಮೆ ಒಂದೇ.

ಉತ್ತರದ ಉಳಿದ ಪಾಲು ಅಂಕಿಯಲ್ಲಿ ಸಿಗುವುದಿಲ್ಲ, ಮೇಜಿನ ಮೇಲೆ ಸಿಗುತ್ತದೆ. ಒಂದು ಸಾಮಾನ್ಯ ಸಂಜೆ ಹೀಗಿರುತ್ತದೆ. ನಾಲ್ವರ ತಂಡ, ಎಲ್ಲರೂ ಮೊದಲ ಹಂತ. ಫೈಟರ್ ಚೈನ್ ಮೇಲ್ ತೊಟ್ಟು ಗುರಾಣಿ ಹಿಡಿದಿದ್ದಾನೆ, ಎಸಿ 18. ರೋಗ್ ಲೆದರ್‌ನಲ್ಲಿ 14. ಮುಂದೆ ಗಾಬ್ಲಿನ್‌ಗಳ ಗುಹೆ.

“ಸದ್ದು ಮಾಡದೆ ಒಳಗೆ ಹೋಗೋಣ,” ಅನ್ನುತ್ತಾಳೆ ರೋಗ್ ಆಡುವವಳು.

“ಎಲ್ಲರೂ ಸ್ಟೆಲ್ತ್ ರೋಲ್ ಮಾಡಿ,” ಅನ್ನುತ್ತಾನೆ ಡಿಎಂ.

“ಲೇ, ನಾನು ಚೈನ್ ಮೇಲ್ ಹಾಕ್ಕೊಂಡಿದೀನಿ ಕಣೋ,” ಎಂದು ಫೈಟರ್ ಕೊರಗುತ್ತಾನೆ.

“ಗೊತ್ತು ಗುರೂ. ಎರಡು ದಾಳ ಹಾಕು, ಕಮ್ಮಿ ಬಿದ್ದದ್ದನ್ನ ಹೇಳು.”

ಇದು ಡಿಸ್‌ಅಡ್ವಾಂಟೇಜ್. ಚೈನ್ ಮೇಲ್‌ನ ಬೆಲೆಯ ಮೊದಲ ಕಂತು ಇಲ್ಲಿ ವಸೂಲಾಯಿತು. ಈ ಗಳಿಗೆಯಲ್ಲಿ ಡಿಎಂ ಮುಖ ನೋಡಿ. ಒಬ್ಬ ಎಡವಿದರೆ ಇಡೀ ಗುಹೆ ಎಚ್ಚರಾಯಿತು ಎಂದು ತೀರ್ಪು ಕೊಡುವವನು ಮುಂದಿನ ವಾರದಿಂದ ಉಕ್ಕಿನವನನ್ನು ಹೊರಗೇ ನಿಲ್ಲಿಸಿದ ಹಾಗೆ. ಯಾರೂ ಅವನನ್ನು ಕರೆದುಕೊಂಡು ಹೋಗುವುದಿಲ್ಲ. ಪುಸ್ತಕದಲ್ಲಿ ಗುಂಪಿನ ಪರೀಕ್ಷೆ ಎಂಬ ಇನ್ನೊಂದು ದಾರಿ ಇದೆ: ಕನಿಷ್ಠ ಅರ್ಧ ಜನ ಗೆದ್ದರೆ ಎಲ್ಲರೂ ಗೆದ್ದ ಹಾಗೆ. ಆಗ ರೋಗ್ ಹಿಂತಿರುಗಿ ಫೈಟರ್‌ನ ಗುರಾಣಿಯನ್ನು ಗೋಡೆಗೆ ತಾಗದ ಹಾಗೆ ಹಿಡಿದಳು ಎಂದು ಕಥೆ ಕಟ್ಟಲು ಜಾಗ ಸಿಗುತ್ತದೆ. ನಾನು ಯಾವ ಡಿಎಂ ಕೈಕೆಳಗೆ ಆಡಬೇಕು ಎಂದು ತೀರ್ಮಾನಿಸುವುದು ಇಂಥ ಕಡೆ.

ಕಾಳಗ ಶುರುವಾದ ಮೇಲೆ ಬಾಗಿಲಲ್ಲಿ ನಿಲ್ಲುವವನು ಫೈಟರ್. ಗಾಬ್ಲಿನ್‌ಗಳ ಏಟು ಅವನಿಗೆ ನೂರಕ್ಕೆ 35, ರೋಗ್‌ಗೆ 55. ಒಂದು ಏಟಿಗೆ ಸರಾಸರಿ ಐದೂವರೆ ಹಾನಿ. ಮೊದಲ ಹಂತದ ರೋಗ್‌ನಲ್ಲಿ ಇರುವುದೇ ಹತ್ತರ ಆಸುಪಾಸು ಜೀವ. ಎರಡು ಬಾಣ, ಕಥೆ ಮುಗಿಯಿತು. ಹಾಗಾಗಿ ಅವಳು ಹೊಡೆದು ಕಂಬದ ಮರೆಗೆ ಸರಿಯುತ್ತಾಳೆ, ಮತ್ತೆ ಇಣುಕುತ್ತಾಳೆ. ಅವನು ಕದಲುವುದಿಲ್ಲ. ಇಬ್ಬರ ಆಟದ ಲಯವೇ ಬೇರೆ, ಮತ್ತು ಅದನ್ನು ಬೇರೆ ಮಾಡಿದ್ದು ಕವಚ.

ಈ ಹೊತ್ತಿನಲ್ಲಿ ರಸಿಕರ ಕಿವಿ ಇರಬೇಕಾದದ್ದು ತಪ್ಪಿದ ಏಟಿನ ವರ್ಣನೆಯ ಮೇಲೆ. ನಿಯಮದ ಪ್ರಕಾರ ತಪ್ಪಿದ್ದು ತಪ್ಪಿದ್ದೇ, ಆದರೆ ಎಸಿಯೊಳಗೆ ಪದರಗಳಿವೆ. ತಳದ ಹತ್ತು ಎಲ್ಲರಿಗೂ ಸಿಗುವ ಅದೃಷ್ಟ. ಅದರ ಮೇಲಿನದು ಚುರುಕು, ಗುರಾಣಿ, ಕವಚ. ಪಳಗಿದ ಡಿಎಂ ದಾಳದ ಮೊತ್ತ ನೋಡಿಯೇ ಬಾಣ ಎಲ್ಲಿ ಸೋತಿತು ಎಂದು ಹೇಳಬಲ್ಲ. ಮೊತ್ತ 7 ಬಂದರೆ ಗಾಬ್ಲಿನ್ ಗುರಿಯೇ ನೆಟ್ಟಗಿರಲಿಲ್ಲ. ರೋಗ್ ಮೇಲೆ 12 ಬಂದರೆ ಅವಳು ಇದ್ದ ಜಾಗದಲ್ಲಿ ಈಗ ಇಲ್ಲ. ಫೈಟರ್ ಮೇಲೆ 17 ಬಂದರೆ ಬಾಣ ನೆಟ್ಟಗೆ ಎದೆಗೇ ಬಂದು, ಉಂಗುರಗಳಿಗೆ ಬಡಿದು, ಕೆಳಗೆ ಬಿತ್ತು. ಆ ಜಾಗ ನಾಳೆ ಕಪ್ಪಾಗಿರುತ್ತದೆ. ಎರಡು ಏಟಿಗೂ “ಮಿಸ್” ಎಂದಷ್ಟೇ ಹೇಳಿ ಮುಂದೆ ಹೋಗುವ ಮೇಜಿನಲ್ಲಿ ಚರ್ಮಕ್ಕೂ ಉಕ್ಕಿಗೂ ವ್ಯತ್ಯಾಸ ಉಳಿಯುವುದು ಲೆಕ್ಕದಲ್ಲಿ ಮಾತ್ರ.

ಇನ್ನು ರಾತ್ರಿ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು, ಬಹಳ ಮೇಜುಗಳಲ್ಲಿ ಮರೆತುಹೋಗುವುದೂ ಇದೇ. ಭಾರಿ ಕವಚ ತೊಡಲು ಹತ್ತು ನಿಮಿಷ ಬೇಕು, ಕಳಚಲು ಐದು. ಹಗುರದ್ದಕ್ಕೆ ಎರಡಕ್ಕೂ ಒಂದೊಂದೇ ನಿಮಿಷ. ಕಾಳಗದ ಒಂದು ಸುತ್ತು ಆರು ಸೆಕೆಂಡು. ಹತ್ತು ನಿಮಿಷವೆಂದರೆ ನೂರು ಸುತ್ತು, ಸಾಮಾನ್ಯ ಕಾಳಗವೋ ನಾಲ್ಕೈದು ಸುತ್ತಿಗೆ ಮುಗಿದಿರುತ್ತದೆ. ನಡುರಾತ್ರಿ ತೋಳಗಳು ಬಿದ್ದರೆ ಫೈಟರ್ ಅಂಗಿಯಲ್ಲೇ ಎದ್ದು ಗುರಾಣಿ ಹುಡುಕಬೇಕು, ಎಸಿ 12. ಹಗಲೆಲ್ಲ ಅವನ ಹಿಂದೆ ಅಡಗುತ್ತಿದ್ದ ರೋಗ್ ಲೆದರ್‌ನಲ್ಲೇ ಮಲಗಿದ್ದವಳು, ಈಗ 14. ಅವನ ಮುಂದೆ ನಿಲ್ಲುವ ಸರದಿ ಅವಳದು. ಉಕ್ಕಿನೊಳಗೇ ಮಲಗುತ್ತೇನೆ ಎನ್ನುವವರಿಗೆ 2017ರ ಪೂರಕ ಪುಸ್ತಕವೊಂದರಲ್ಲಿ ಐಚ್ಛಿಕ ನಿಯಮವಿದೆ: ಮಧ್ಯಮ ಅಥವಾ ಭಾರಿ ಕವಚದಲ್ಲಿ ಮಲಗಿದರೆ ದಣಿವು ಇಳಿಯುವುದಿಲ್ಲ, ಚೇತರಿಕೆಯ ದಾಳಗಳೂ ಕಾಲುಭಾಗವಷ್ಟೇ ವಾಪಸು ಬರುತ್ತವೆ. ಇದನ್ನು ಬಳಸಿ ಎಂದೇ ನನ್ನ ಸಲಹೆ. (ಮೃಗಗಳ ವಿವರದಲ್ಲಿ ‘ನ್ಯಾಚುರಲ್ ಆರ್ಮರ್’ ಎಂಬ ಇನ್ನೊಂದು ಬಗೆ ಬರುತ್ತದೆ, ಮೈಯ ಜೊತೆಗೇ ಹುಟ್ಟಿದ್ದು. ನಮ್ಮ ಕರ್ಣನದು ಆ ಜಾತಿ: ತೂಕವಿಲ್ಲ, ಸದ್ದಿಲ್ಲ, ತೊಟ್ಟೇ ಮಲಗಬಹುದು. ಕಳಚಲು ಎಷ್ಟು ಸುತ್ತು ಎನ್ನುವುದನ್ನು ಮಾತ್ರ ಡಿಎಂ ತೀರ್ಮಾನಿಸಬೇಕಾಗುತ್ತದೆ.)

ಭಾರಿ ಕವಚಕ್ಕೆ ತೋಳಿನ ಬಲವೂ ಬೇಕು. ಚೈನ್ ಮೇಲ್‌ಗೆ ಸ್ಟ್ರೆಂಗ್ತ್ 13, ಪ್ಲೇಟ್‌ಗೆ 15. ಕಡಿಮೆ ಇದ್ದರೆ ನಡಿಗೆ ಹತ್ತು ಅಡಿ ಕುಗ್ಗುತ್ತದೆ. ಇಲ್ಲಿಗೆ ಬಂದಾಗ ಐದನೇ ಆವೃತ್ತಿಯ ತಕ್ಕಡಿ ನನ್ನ ಕಣ್ಣಿಗೆ ಒಂದು ಕಡೆ ವಾಲಿದೆ. ಡೆಕ್ಸ್ ಬೆಳೆಸಿಕೊಂಡವರಿಗೆ ಅದು ಎಸಿ ಕೊಡುತ್ತದೆ, ಕಾಳಗದಲ್ಲಿ ಮೊದಲ ಸರದಿ ಕೊಡುತ್ತದೆ, ಬಿಲ್ಲಿಗೂ ಸಣ್ಣ ಕತ್ತಿಗೂ ಒದಗುತ್ತದೆ, ಅಡಗುವುದಕ್ಕೂ ಆಗುತ್ತದೆ, ಫೈರ್‌ಬಾಲ್ ಸಿಡಿದಾಗ ಪಕ್ಕಕ್ಕೆ ಹಾರಲೂ ಅದೇ. ಎಂಟು ದಾಳದ ಬೆಂಕಿ ಬಂದಾಗ ಪ್ಲೇಟಿನ 18 ಯಾವ ಉಪಯೋಗಕ್ಕೂ ಬಾರದು. ಅದಕ್ಕೆ ಎಸಿ ಕೇಳುವುದೇ ಇಲ್ಲ. ಸ್ಟ್ರೆಂಗ್ತ್ ಬೆಳೆಸಿದವರಿಗೆ ಸಿಗುವುದು ದೊಡ್ಡ ಕತ್ತಿ, ಬಾಗಿಲು ಮುರಿಯುವ ಭುಜ, ಹೆಚ್ಚು ಹೊರುವ ಬೆನ್ನು. ಅದರಲ್ಲೂ ಹೊರೆಯ ಲೆಕ್ಕ ಇಡುವವರು ಎಷ್ಟು ಜನ?

ಹಾಗೆಂದು ಡಿಎಂ ಕೈಯಲ್ಲಿ ಉಕ್ಕಿನ ವೈರಿಗಳಿಗೆ ಬರವಿಲ್ಲ. ಹೀಟ್ ಮೆಟಲ್ ಎಂಬ ಮಂತ್ರ ತೊಟ್ಟ ಕವಚವನ್ನೇ ಕಾದ ಕಾವಲಿ ಮಾಡಿಬಿಡುತ್ತದೆ: ಸುತ್ತಿಗೆ ಎರಡು ಎಂಟುಮುಖದ ದಾಳದಷ್ಟು ಸುಡುವ ಹಾನಿ, ಒಂದು ನಿಮಿಷದ ತನಕ. ಕಳಚಲು ಐದು ನಿಮಿಷ ಬೇಕೆಂದು ಹೇಳಿದೆನಲ್ಲ. ಕವಚದೊಳಗಿರುವವನಿಗೆ ಬೇರೆ ದಾರಿಯಿಲ್ಲ, ಗೆಳೆಯರು ಓಡಿ ಮಂತ್ರ ಹಾಕಿದವನ ಏಕಾಗ್ರತೆ ಕೆಡಿಸಬೇಕು. ಒಳ್ಳೆಯ ಕಾಳಗ ಇದು, ಒಮ್ಮೆ. ಪ್ರತಿ ವಾರ ಹೊಸ ಮಂತ್ರವಾದಿ ಇದನ್ನೇ ಕಲಿತು ಬಂದರೆ ಅದು ಆಟವಲ್ಲ, ಹಗೆ. ಇನ್ನೊಬ್ಬ ವೈರಿ ರಸ್ಟ್ ಮಾನ್‌ಸ್ಟರ್: ಅಂಗಡಿಯಲ್ಲಿ ಸಿಕ್ಕಿದ ಅಗ್ಗದ ಪ್ಲಾಸ್ಟಿಕ್ ಗೊಂಬೆ ನೋಡಿ ಗೈಗ್ಯಾಕ್ಸ್ ಹುಟ್ಟಿಸಿದ ಪ್ರಾಣಿ. ಅದರ ಮೀಸೆ ಸೋಕಿದರೆ ಮಂತ್ರವಿಲ್ಲದ ಉಕ್ಕಿನ ಕವಚದ ಎಸಿ ಒಂದೊಂದೇ ಇಳಿಯುತ್ತದೆ, ಹತ್ತಕ್ಕೆ ಬಂದರೆ ತುಕ್ಕಿನ ಪುಡಿ. ತಪ್ಪಿಸಿಕೊಳ್ಳಲು ಕೇಳುವುದು ಮತ್ತೆ ಡೆಕ್ಸ್! ಇದು ಬಂದಾಗ ಲೆದರ್ ತೊಟ್ಟವರು ನಗುತ್ತಾ ಮುಂದೆ ನಡೆಯುತ್ತಾರೆ, ಉಕ್ಕು ತೊಟ್ಟ ಪ್ಯಾಲಡಿನ್ ಮರ ಹತ್ತುತ್ತಾನೆ. ನೋಡಲು ಕೂತವರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಸಿಗಲಿಕ್ಕಿಲ್ಲ.

ಇತಿಹಾಸ ಓದಿದವರು ಮೇಜಿನಲ್ಲಿದ್ದರೆ ಒಂದು ತಕರಾರು ಖಂಡಿತ ಬರುತ್ತದೆ. ಹದಿನೈದನೇ ಶತಮಾನದ ಯುರೋಪಿನ ಪೂರ್ಣ ಪ್ಲೇಟ್ ಕವಚ ಸಾಮಾನ್ಯವಾಗಿ 15ರಿಂದ 25 ಕೆಜಿ ತೂಗುತ್ತಿತ್ತು, ಆಟದ ಪಟ್ಟಿಯಲ್ಲಿ 65 ಪೌಂಡ್, ಅಂದರೆ 29 ಕೆಜಿ ದಾಟುತ್ತದೆ. ಆ ತೂಕವೂ ಮೈತುಂಬ ಹಂಚಿಹೋಗುತ್ತಿದ್ದರಿಂದ ತೊಟ್ಟವನು ಓಡಬಲ್ಲವನಾಗಿದ್ದ, ತಾನಾಗಿಯೇ ಕುದುರೆ ಏರಬಲ್ಲವನಾಗಿದ್ದ. ಕ್ರೇನ್‌ನಿಂದ ಎತ್ತಿ ಕೂರಿಸುತ್ತಿದ್ದರು ಅನ್ನುವುದು ಕಟ್ಟುಕಥೆ. ಸ್ಟಡೆಡ್ ಲೆದರ್ ಕೂಡ ಬ್ರಿಗಂಡೀನ್ ಎಂಬ ಕವಚವನ್ನು ತಪ್ಪಾಗಿ ನೋಡಿದ್ದರ ಫಲ ಎನ್ನುತ್ತಾರೆ: ಹೊರಗೆ ಕಾಣುವ ಮೊಳೆತಲೆಗಳು ಒಳಗಿನ ಲೋಹದ ತಗಡುಗಳನ್ನು ಹಿಡಿದಿಟ್ಟಿರುತ್ತವೆ. ಎಲ್ಲ ನಿಜ. ಆದರೆ ನಿಜದ ಪ್ಲೇಟ್ ಆಟಕ್ಕೆ ಬಂದರೆ ಲೆದರ್ ತೊಡುವವರೇ ಇರುವುದಿಲ್ಲ. ಸದ್ದು, ನಿಧಾನ, ದುಬಾರಿತನಗಳನ್ನು ಆಟ ಉಬ್ಬಿಸಿರುವುದು ಚರ್ಮಕ್ಕೂ ಒಂದು ಬಾಳು ಕೊಡಲಿಕ್ಕೆ.

ಬೇರೆ ಆಟಗಳು ಇದೇ ಗಂಟನ್ನು ಬೇರೆ ಕಡೆಯಿಂದ ಬಿಚ್ಚಿವೆ. 1978ರ ರೂನ್‌ಕ್ವೆಸ್ಟ್‌ನಲ್ಲಿ ಕವಚ ಏಟನ್ನು ತಪ್ಪಿಸುವುದೇ ಇಲ್ಲ. ಬಿದ್ದ ಏಟಿನ ಹಾನಿಯಲ್ಲಿ ಅಷ್ಟಿಷ್ಟು ನುಂಗುತ್ತದೆ, ಅದೂ ತಲೆಗೆ ಬೇರೆ, ತೋಳಿಗೆ ಬೇರೆ. ತಪ್ಪಿಸಿಕೊಂಡನೇ, ತಡೆದುಕೊಂಡನೇ ಎನ್ನುವ ಎರಡು ಪ್ರಶ್ನೆ ಅಲ್ಲಿ ಬೇರೆಬೇರೆಯಾಗಿಯೇ ಉಳಿಯುತ್ತವೆ. ಬೆಲೆಯಾಗಿ ಆಟ ನಿಧಾನವಾಗುತ್ತದೆ. ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿ ಲೆಕ್ಕಿಗರ ಕೆಲಸ: ಲೆದರ್ ಕೊಡುವುದು 1, ಡೆಕ್ಸ್ 4ರವರೆಗೆ ಸೇರಬಹುದು, ಬ್ರೆಸ್ಟ್‌ಪ್ಲೇಟ್ 4, ಡೆಕ್ಸ್ 1. ಹಗುರವಾಗಲಿ ಮಧ್ಯಮವಾಗಲಿ ಮೊತ್ತ ಹೆಚ್ಚುಕಡಿಮೆ ಐದೇ, ಭಾರಿಗೆ ಆರು. ಫುಲ್ ಪ್ಲೇಟ್ ತೊಟ್ಟವನಿಗೆ ಬೆಂಕಿ ಸಿಡಿದಾಗ ಡೆಕ್ಸ್ ಬದಲು ಕವಚವೇ ಮೂರು ಅಂಕಿ ಕೊಡುತ್ತದೆ. ಐದನೇ ಆವೃತ್ತಿಯ ವಾಲಿದ ತಟ್ಟೆಗೆ ಇಟ್ಟ ಕಲ್ಲು ಇದು, ಚೆನ್ನಾಗಿದೆ.

ಮೊದಲ ಪಾತ್ರ ಕಟ್ಟುವವರು ಯಾವುದನ್ನು ತೊಡಬೇಕು? ಭಾರಿ ಕವಚವನ್ನೇ. ನಿಯಮ ಇನ್ನೂ ಬಾಯಿಗೆ ಬರದವರಿಗೆ ನಾಲ್ಕು ಏಟು ತಪ್ಪುವುದು ದೊಡ್ಡ ಸಹಾಯ. ಕಂಬದ ಮರೆ ಹುಡುಕುವ ಜಾಣತನ ಆಮೇಲೆ ಕಲಿಯಬಹುದು. ಮಧ್ಯಮ ಕವಚದ ಬಗ್ಗೆ ನಾನು ಹೆಚ್ಚು ಹೇಳಲಿಲ್ಲ. ಡೆಕ್ಸ್ ಬೋನಸ್ಸು ಎರಡಕ್ಕೆ ನಿಂತ ಕ್ಲೆರಿಕ್ ಥರದ ಪಾತ್ರಕ್ಕೆ ಅದು ಸರಿಯಾಗಿ ಕೂರುತ್ತದೆ, ಅಷ್ಟೇ. ಆಡಲು ಕೂತ ಮೊದಲ ದಿನವೇ ಡಿಎಂಗೆ ಎರಡು ಮಾತು ಕೇಳಿಟ್ಟುಕೊಳ್ಳಿ: ನಿಮ್ಮಲ್ಲಿ ಕವಚ ತೊಟ್ಟು ಮಲಗುವ ನಿಯಮ ಇದೆಯೇ, ಸ್ಟೆಲ್ತ್ ಒಬ್ಬೊಬ್ಬರಿಗೋ ಗುಂಪಿಗೋ? ಎರಡಕ್ಕೂ “ಅದೆಲ್ಲ ನಾವು ನೋಡಲ್ಲ” ಎಂಬ ಉತ್ತರ ಬಂದರೆ ಹಿಂದುಮುಂದು ನೋಡದೆ ಪ್ಲೇಟ್‌ಗೆ ದುಡ್ಡು ಕೂಡಿಡಲು ಶುರುಮಾಡಿ. ಆ ಮೇಜಿನಲ್ಲಿ ಅದು ಬಿಟ್ಟಿ ಸಿಕ್ಕ ಹಾಗೆ.