ಉಪಚುನಾವಣೆಯ ಗೆಲುವಿಗೆ ಎಷ್ಟು ಬೆಲೆ?

ಚನ್ನಪಟ್ಟಣದಲ್ಲಿ 2024ರ ನವೆಂಬರ್ 23ರಂದು ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಸಿ.ಪಿ. ಯೋಗೇಶ್ವರ್ ಅವರು ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ ಅವರಿಗಿಂತ 25,413 ಮತ ಮುಂದಿದ್ದರು. ಶಿಗ್ಗಾವಿ, ಸಂಡೂರುಗಳೂ ಅಂದೇ ಕಾಂಗ್ರೆಸ್ ಪಾಲಾದವು. ರಾಮನಗರ, ಮಾಗಡಿ, ಕನಕಪುರಗಳು 2023ರಲ್ಲೇ ಕೈಗೆ ಬಂದಿದ್ದರಿಂದ ಜಿಲ್ಲೆಯ ನಾಲ್ಕಕ್ಕೆ ನಾಲ್ಕೂ ಆಡಳಿತ ಪಕ್ಷದ ಲೆಕ್ಕಕ್ಕೆ ಸೇರಿದವು. ಇನ್ನು 2028ಕ್ಕೆ ದಾರಿ ಸಲೀಸು ಎಂಬ ಮಾತು ಪಟಾಕಿ ಹೊಗೆ ಆರುವ ಮೊದಲೇ ಕೇಳಿಬಂತು. ಇಂಥ ಮಾತು ಪ್ರತಿ ಉಪಚುನಾವಣೆಯ ಬೆನ್ನಿಗೇ ಹುಟ್ಟುತ್ತದೆ, ಮುಂದಿನ ಮಹಾಚುನಾವಣೆಯಲ್ಲಿ ಸದ್ದಿಲ್ಲದೆ ಸಾಯುತ್ತದೆ. ಚುನಾವಣಾ ಅಂಕಿಗಳನ್ನು ಆಸೆಯಿಂದ ಓದುವವರು ಒಂದು ವಿವೇಚನೆ ಇಟ್ಟುಕೊಳ್ಳಬೇಕು: ಅಧಿಕಾರದಲ್ಲಿರುವ ಪಕ್ಷ ಉಪಚುನಾವಣೆ ಗೆದ್ದರೆ ಅದರಿಂದ ಮುಂದಿನದೇನೂ ತಿಳಿಯುವುದಿಲ್ಲ, ಸೋತರೆ ಮಾತ್ರ ಕಿವಿಗೊಡಬೇಕು.

ಕಾರಣ ಗುಟ್ಟೇನಲ್ಲ. ಉಪಚುನಾವಣೆಯಲ್ಲಿ ಸರ್ಕಾರ ಬದಲಾಗುವುದಿಲ್ಲ, ಮತದಾರನಿಗೆ ಅದು ಗೊತ್ತು. ಸಚಿವರು ಹೋಬಳಿಗೊಬ್ಬರಂತೆ ಠಿಕಾಣಿ ಹೂಡಿರುತ್ತಾರೆ. ರಸ್ತೆ, ಕೆರೆ, ಮನೆ ಎಲ್ಲದಕ್ಕೂ ಇರುವ ಸರ್ಕಾರವನ್ನೇ ಕೇಳಬೇಕು; ಉಳಿದ ಅವಧಿಗೆ ವಿರೋಧ ಪಕ್ಷದ ಶಾಸಕರನ್ನು ಕಟ್ಟಿಕೊಂಡು ಏನು ಬಂತು ಎಂದು ಜನ ಲೆಕ್ಕ ಹಾಕುತ್ತಾರೆ. ಇಂಥ ಗೆಲುವು ನಿಲ್ಲುವುದಿಲ್ಲ ಎಂಬುದಕ್ಕೆ ಚನ್ನಪಟ್ಟಣವೇ ಹಳೆಯ ಸಾಕ್ಷಿ. 2008ರಲ್ಲಿ ಕಾಂಗ್ರೆಸ್, 2009ರ ಉಪಚುನಾವಣೆಯಲ್ಲಿ ಜೆಡಿಎಸ್, 2011ರ ಉಪಚುನಾವಣೆಯಲ್ಲಿ ಬಿಜೆಪಿ, 2013ರಲ್ಲಿ ಸಮಾಜವಾದಿ ಪಕ್ಷ: ಐದೇ ವರ್ಷಗಳಲ್ಲಿ ಆ ಕ್ಷೇತ್ರ ನಾಲ್ಕು ಪಕ್ಷಗಳನ್ನು ಗೆಲ್ಲಿಸಿತು, ಅದರಲ್ಲಿ ಮೂರು ಸಲ ಗೆದ್ದವರು ಯೋಗೇಶ್ವರ್ ಅವರೇ. 2011ರ ಏಪ್ರಿಲ್‌ನಲ್ಲಿ ಚನ್ನಪಟ್ಟಣದ ಜೊತೆಗೆ ಜಗಳೂರು, ಬಂಗಾರಪೇಟೆಯನ್ನೂ ಬಿಜೆಪಿ ಗೆದ್ದಿತ್ತು. ಆಗಲೂ ಮೂರಕ್ಕೆ ಮೂರು. ಎರಡೇ ವರ್ಷದಲ್ಲಿ ಆ ಪಕ್ಷ 40 ಸ್ಥಾನಕ್ಕೆ ಕುಸಿಯಿತು. 2017ರಲ್ಲಿ ನಂಜನಗೂಡು, ಗುಂಡ್ಲುಪೇಟೆ ಗೆದ್ದ ಸಿದ್ದರಾಮಯ್ಯ ಸರ್ಕಾರ ಮರುವರ್ಷ ಆ ಎರಡನ್ನೂ ಕಳೆದುಕೊಂಡಿತು, ಅಧಿಕಾರವನ್ನೂ. 2019ರ ಡಿಸೆಂಬರ್‌ನಲ್ಲಿ 15ರಲ್ಲಿ 12 ಗೆದ್ದು ಸರ್ಕಾರ ಭದ್ರಪಡಿಸಿಕೊಂಡ ಬಿಜೆಪಿ 2023ರಲ್ಲಿ 66ಕ್ಕೆ ಇಳಿಯಿತು.

ಅಂತರ ದೊಡ್ಡದಾದಷ್ಟೂ ನಂಬಿಕೆ ಹೆಚ್ಚಬೇಕು ಎನ್ನುವವರಿಗೆ 2018ರ ರಾಮನಗರ ಉಪಚುನಾವಣೆಯನ್ನು ತೋರಿಸಬಹುದು. ಅನಿತಾ ಕುಮಾರಸ್ವಾಮಿ ಅವರು ಗೆದ್ದದ್ದು 1,09,137 ಮತಗಳಿಂದ. ಬಿಜೆಪಿಯ ಹುರಿಯಾಳು ಎಲ್. ಚಂದ್ರಶೇಖರ್ ಮತದಾನಕ್ಕೆ ಎರಡು ದಿನ ಇರುವಾಗ ಕಣ ಬಿಟ್ಟು ಕಾಂಗ್ರೆಸ್ಸಿಗೆ ಮರಳಿದ್ದರು. ಎದುರಾಳಿಯೇ ಇಲ್ಲದ ಗೆಲುವಿನ ಅಂತರಕ್ಕೆ ಏನು ಅರ್ಥ? ಅದೇ ಸುತ್ತಿನಲ್ಲಿ ಮಂಡ್ಯ ಲೋಕಸಭೆಯನ್ನು ಆಗ ಆಳುತ್ತಿದ್ದ ಜೆಡಿಎಸ್-ಕಾಂಗ್ರೆಸ್ ಮೈತ್ರಿಕೂಟ ಮೂರು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದಿತು, ಬಳ್ಳಾರಿಯನ್ನೂ ಭಾರಿ ಅಂತರದಿಂದ ಕಿತ್ತುಕೊಂಡಿತು. ಆರು ತಿಂಗಳ ಮೇಲೆ ಮಂಡ್ಯದಲ್ಲಿ ನಿಖಿಲ್ ಅವರು ಸುಮಲತಾ ಅವರೆದುರು ಸೋತರು, ಬಳ್ಳಾರಿ ಬಿಜೆಪಿಗೆ ಹೋಯಿತು, ರಾಜ್ಯದ 28ರಲ್ಲಿ 25 ಬಿಜೆಪಿಯದಾಯಿತು. 2023ರಲ್ಲಿ ಅದೇ ರಾಮನಗರ ನಿಖಿಲ್ ಅವರನ್ನು ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿತು.

ಇನ್ನು ಆಡಳಿತ ಪಕ್ಷ ಸೋತ ಸಂದರ್ಭಗಳು. ದೇವೇಗೌಡರು 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದವರು. 1996ರಲ್ಲಿ ಪ್ರಧಾನಿಯಾದ ಬಳಿಕ ಆ ಕ್ಷೇತ್ರ ತೆರವಾಯಿತು. ರಾಜ್ಯದಲ್ಲೂ ಜನತಾದಳ, ದಿಲ್ಲಿಯಲ್ಲೂ ಅವರೇ, ಹುರಿಯಾಳು ಅಂಬರೀಷ್. ಇಷ್ಟಿದ್ದೂ ಗೆದ್ದದ್ದು ಕಾಂಗ್ರೆಸ್ಸಿನ ಸಿ.ಎಂ. ಲಿಂಗಪ್ಪ. (2018ರಲ್ಲಿ ಕಣ ಬಿಟ್ಟ ಚಂದ್ರಶೇಖರ್ ಈ ಲಿಂಗಪ್ಪ ಅವರ ಮಗ.) 1999ರಲ್ಲಿ ಒಡೆದ ದಳದಲ್ಲಿ ಗೌಡರ ಪಾಲಿಗೆ ದಕ್ಕಿದ್ದು 10 ಸ್ಥಾನ. 2002ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರವಿದ್ದಾಗ ಕನಕಪುರ ಲೋಕಸಭೆಗೆ ನಡೆದ ಉಪಚುನಾವಣೆಯಲ್ಲಿ ಅದೇ ಗೌಡರು ಸಚಿವ ಡಿ.ಕೆ. ಶಿವಕುಮಾರ್ ಅವರನ್ನು ಮಣಿಸಿದರು. 132 ಇದ್ದ ಕಾಂಗ್ರೆಸ್ 2004ರಲ್ಲಿ 65ಕ್ಕೆ ಬಂತು, ಜೆಡಿಎಸ್ ಹತ್ತರಿಂದ 58ಕ್ಕೆ ಏರಿತು. 2012ರಲ್ಲಿ ಮುಖ್ಯಮಂತ್ರಿ ಸದಾನಂದ ಗೌಡರೇ ತೆರವು ಮಾಡಿದ ಉಡುಪಿ-ಚಿಕ್ಕಮಗಳೂರನ್ನು ಕಾಂಗ್ರೆಸ್ಸಿನ ಜಯಪ್ರಕಾಶ ಹೆಗ್ಡೆ ಗೆದ್ದರು, ಮರುವರ್ಷ ಸರ್ಕಾರ ಹೋಯಿತು. 2021ರಲ್ಲಿ ಆಗಿನ ಬಿಜೆಪಿ ಮುಖ್ಯಮಂತ್ರಿ ಬೊಮ್ಮಾಯಿ ಅವರ ತವರು ಜಿಲ್ಲೆಯ ಹಾನಗಲ್ ಕೈತಪ್ಪಿತು. 2023ರಲ್ಲಿ ಹಾವೇರಿ ಜಿಲ್ಲೆಯ ಆರರಲ್ಲಿ ಐದು ಕಾಂಗ್ರೆಸ್ಸಿಗೆ ಹೋದವು. ಇಲ್ಲೊಂದು ಸೊಗಸು ಗಮನಿಸಬೇಕು. ಸೋಲು ರಾಜ್ಯದ ಗಾಳಿಯನ್ನು ತಿಳಿಸಿತೇ ಹೊರತು ಆ ಕ್ಷೇತ್ರದ ಹಣೆಬರಹವನ್ನಲ್ಲ. 2004ರಲ್ಲಿ ಕನಕಪುರದ ಜನ ಕಾಂಗ್ರೆಸ್ಸಿನ ತೇಜಸ್ವಿನಿ ಅವರನ್ನು ಆರಿಸಿ ಗೌಡರನ್ನು ಸೋಲಿಸಿದರು. ಉಡುಪಿ-ಚಿಕ್ಕಮಗಳೂರು 2014ರಲ್ಲಿ ಮತ್ತೆ ಬಿಜೆಪಿಗೆ ಮರಳಿತು.

ಇದಕ್ಕೆ ಒಂದು ಬಲವಾದ ಆಕ್ಷೇಪ ಇದೆ. 1985ರ ನಂತರ ಕರ್ನಾಟಕದಲ್ಲಿ ಯಾವ ಆಡಳಿತ ಪಕ್ಷವೂ ಚುನಾವಣೆ ಗೆದ್ದು ಮರಳಿ ಬಂದಿಲ್ಲ. ಹಾಗಿದ್ದ ಮೇಲೆ ಉಪಚುನಾವಣೆಯ ಸೋಲು ಮುಂದಿನ ಸೋಲನ್ನು ತಿಳಿಸಿತು ಎನ್ನುವುದರಲ್ಲಿ ಜಾಣತನವೇನು? ಮಳೆಗಾಲದಲ್ಲಿ ಮಳೆ ಬರುತ್ತದೆಂದು ಭವಿಷ್ಯ ಹೇಳಿದ ಹಾಗಾಯಿತು. ಈ ಆಕ್ಷೇಪದ ಅರ್ಧ ಭಾಗವನ್ನು ಒಪ್ಪಲೇಬೇಕು: ಸೋಲಿನ ಮುನ್ಸೂಚನೆಗೆ ನಾವು ಕೊಡುವ ಅಂಕ ಕಡಿಮೆಯಾಗಬೇಕು. ಆದರೆ ಗೆಲುವಿನ ಬಗೆಗಿನ ವಾದ ಇದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ. 2013, 2018, 2023ರಲ್ಲಿ ಮನೆಗೆ ಹೋದ ಸರ್ಕಾರಗಳೆಲ್ಲ ನಡುವೆ ಉಪಚುನಾವಣೆಗಳನ್ನು ಗೆದ್ದು ಬೀಗಿದವುಗಳೇ. 1985ರಲ್ಲಿ ಮರಳಿ ಬಂದ ರಾಮಕೃಷ್ಣ ಹೆಗಡೆ ಅವರಾದರೂ ಪಿ.ಜಿ.ಆರ್. ಸಿಂಧ್ಯಾ ಬಿಟ್ಟುಕೊಟ್ಟ ಕನಕಪುರವನ್ನು 1983ರ ಉಪಚುನಾವಣೆಯಲ್ಲಿ ಗೆದ್ದಿದ್ದರಿಂದ ಮರಳಿದವರಲ್ಲ. 1984ರ ಡಿಸೆಂಬರ್‌ನಲ್ಲಿ ಅವರ ಪಕ್ಷಕ್ಕೆ ಲೋಕಸಭೆಯ 28ರಲ್ಲಿ ಸಿಕ್ಕಿದ್ದು ನಾಲ್ಕೇ. ಆಗ ರಾಜೀನಾಮೆ ಕೊಟ್ಟು, ಜನರ ಮುಂದೆ ಹೋಗಿ, ಮಾರ್ಚ್‌ನಲ್ಲಿ 139 ತಂದರು.

ಅಮೆರಿಕದಲ್ಲಿ ವಾಡಿಕೆ ತಿರುಗುಮುರುಗು. ಅಧ್ಯಕ್ಷರ ಅವಧಿಯ ನಡುವೆ ಅಲ್ಲಿ ಸಂಸತ್ತಿಗೆ ಚುನಾವಣೆ ನಡೆದಾಗ ಅಧ್ಯಕ್ಷರ ಪಕ್ಷ ಸಾಮಾನ್ಯವಾಗಿ ಸೋಲುತ್ತದೆ. 1994ರಲ್ಲಿ ಕ್ಲಿಂಟನ್ ಪಕ್ಷ ಸೋತಿತು, 1996ರಲ್ಲಿ ಕ್ಲಿಂಟನ್ ಗೆದ್ದರು. 2010ರಲ್ಲಿ ಒಬಾಮಾ ಪಕ್ಷ ಕೆಳಮನೆಯಲ್ಲಿ 63 ಸ್ಥಾನ ಕಳೆದುಕೊಂಡಿತು, 2012ರಲ್ಲಿ ಒಬಾಮಾ ಮತ್ತೆ ಬಂದರು. ಅಲ್ಲಿ ಆಳುವವರ ಸೋಲು ವಾಡಿಕೆ, ಇಲ್ಲಿ ಆಳುವವರ ಗೆಲುವು ವಾಡಿಕೆ. ಎರಡೂ ಕಡೆ ವಾಡಿಕೆಯಂತೆ ಬಂದ ಫಲಿತಾಂಶ ಬಾಯಿಬಿಡುವುದಿಲ್ಲ. ವಾಡಿಕೆ ಮೀರಿದ್ದೂ ಅಲ್ಲಿ ಖಾತರಿಯಲ್ಲ: 1998ರಲ್ಲಿ ಅಧ್ಯಕ್ಷರ ಪಕ್ಷ ಅಪರೂಪಕ್ಕೆ ಸ್ಥಾನ ಹೆಚ್ಚಿಸಿಕೊಂಡಿತು, 2000ದಲ್ಲಿ ಶ್ವೇತಭವನ ಕಳೆದುಕೊಂಡಿತು.

ನಮ್ಮಲ್ಲಿ ಉಪಚುನಾವಣೆಯ ಗೆಲುವೂ ಉಳಿಯುತ್ತದೆ ಎನ್ನಲು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರವನ್ನು ಎತ್ತಿ ತೋರಿಸುವವರೂ ಇದ್ದಾರೆ. 2013ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಗೆದ್ದರು, 2014 ಮತ್ತು 2019ರಲ್ಲೂ ಉಳಿಸಿಕೊಂಡರಲ್ಲ? ನಿಜ. ಆದರೆ ಅಂದೇ ಮಂಡ್ಯದಲ್ಲಿ ಗೆದ್ದ ರಮ್ಯಾ ಒಂದೇ ವರ್ಷದಲ್ಲಿ ಸೋತರು. ಪಕ್ಷವೂ ಒಂದೇ, ಸರ್ಕಾರವೂ ಒಂದೇ. ಹಾಗಾದರೆ ಸುರೇಶ್ ಅವರನ್ನು ಉಳಿಸಿದ್ದು ಕನಕಪುರದಿಂದ ಊರೂರಿಗೆ ಹಬ್ಬಿದ್ದ ಅವರ ಸ್ವಂತ ಸಂಘಟನೆ. ಅದೂ ಶಾಶ್ವತವಾಗಲಿಲ್ಲ, 2024ರಲ್ಲಿ ಡಾ. ಸಿ.ಎನ್. ಮಂಜುನಾಥ್ ಅವರೆದುರು 2,69,647 ಮತಗಳಿಂದ ಸೋತರು. ಆ ಸೋಲಿಗೂ ಚನ್ನಪಟ್ಟಣದ ಗೆಲುವಿಗೂ ನಡುವೆ ಐದಾರು ತಿಂಗಳು.

ಹಾಗಾದರೆ ಚನ್ನಪಟ್ಟಣದ ಫಲಿತಾಂಶದಲ್ಲಿ ಓದಲು ಏನೂ ಇಲ್ಲವೇ? ಇದೆ, ಗೆದ್ದವರಿಗಿಂತ ಸೋತವರಿಗೆ. 2023ರಲ್ಲಿ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಅವರಿಗೆ 96,592, ಬಿಜೆಪಿಯಲ್ಲಿದ್ದ ಯೋಗೇಶ್ವರ್ ಅವರಿಗೆ 80,677 ಮತ ಬಿದ್ದಿದ್ದವು. ಕಾಂಗ್ರೆಸ್ ಹದಿನೈದು ಸಾವಿರದ ಆಸುಪಾಸಿನಲ್ಲಿ ಮೂರನೆಯದಾಗಿತ್ತು. 2024ರಲ್ಲಿ ದಳ, ಕಮಲ ಕೂಡಿದರೂ ನಿಖಿಲ್ ಅವರಿಗೆ ಬಂದದ್ದು 87,229. ಕಾಗದದ ಮೇಲೆ 1,77,269 ಆಗಬೇಕಿದ್ದ ಮೈತ್ರಿಯ ಮತ ಅರ್ಧಕ್ಕೂ ಕಡಿಮೆ. ಯೋಗೇಶ್ವರ್ ಅವರ 1,12,642ರಲ್ಲಿ ಹಳೆಯ ಬಿಜೆಪಿ ಮತ, ಹಳೆಯ ಕಾಂಗ್ರೆಸ್ ಮತ ಕೂಡಿಸಿ ಕಳೆದರೆ ಹೊಸದಾಗಿ ಸೇರಿದ್ದು ಹದಿನಾರು ಸಾವಿರದಷ್ಟು. ಅಂದರೆ ಚನ್ನಪಟ್ಟಣದಲ್ಲಿ ಕಾಂಗ್ರೆಸ್ ಬೆಳೆದದ್ದಕ್ಕಿಂತ ಹೆಚ್ಚಾಗಿ ಒಬ್ಬ ವ್ಯಕ್ತಿ ತನ್ನ ಮತಗಳನ್ನು ಹೊತ್ತು ಕಾಂಗ್ರೆಸ್ಸಿಗೆ ಬಂದರು. ಬಿಜೆಪಿಯ ಮತವೆಂದು ದಳ ನಂಬಿದ್ದು ಯೋಗೇಶ್ವರ್ ಅವರ ಮತವಾಗಿತ್ತು. 2028ಕ್ಕೆ ಸೀಟು ಹಂಚಿಕೊಳ್ಳಲು ಕೂರುವಾಗ ಮೈತ್ರಿಯ ನಾಯಕರು ಮುಂದಿಟ್ಟುಕೊಳ್ಳಬೇಕಾದದ್ದು ಈ ಲೆಕ್ಕವನ್ನು. ವ್ಯಕ್ತಿ ಪಕ್ಷ ಬಿಟ್ಟರೆ ಮತವೂ ಜೊತೆಗೇ ಹೋಗುತ್ತದೆಂಬ ಖಾತರಿಯೂ ಇಲ್ಲ. ಮಾಗಡಿಯ ಎಚ್.ಸಿ. ಬಾಲಕೃಷ್ಣ 2018ರಲ್ಲಿ ದಳ ಬಿಟ್ಟು ಕಾಂಗ್ರೆಸ್ ಸೇರಿ ಸೋತರು, 2023ರಲ್ಲಿ ಅದೇ ಕಾಂಗ್ರೆಸ್ಸಿನಿಂದ ಗೆದ್ದರು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಉಪಚುನಾವಣೆ ಬಂದಾಗ ಆಡಳಿತ ಪಕ್ಷ ಗೆದ್ದಿದ್ದರೆ ಸುದ್ದಿ ಓದಿ ಪತ್ರಿಕೆ ಮಡಚಿಡಿ. ಸೋತಿದ್ದರೆ ಮತಗಟ್ಟೆವಾರು ಪಟ್ಟಿ ಹುಡುಕಿ ನೋಡಿ.